ಹಾರ್ಲೆಂಡ್ ಅಂಡ್ ವುಲ್ಫ್: ಹಡಗು ಬೆಲ್‌ಫಾಸ್ಟಿನದು, ದುಡ್ಡು ಯಾರದು?

ಭಾರತದ ಮೊದಲ ವಿಮಾನವಾಹಕ ನೌಕೆ ವಿಕ್ರಾಂತ್ ನೌಕಾಪಡೆಗೆ ಸೇರಿದ್ದು ಉತ್ತರ ಐರ್ಲೆಂಡಿನ ಬೆಲ್‌ಫಾಸ್ಟಿನಲ್ಲಿ, 1961ರ ಮಾರ್ಚ್ 4ರಂದು. ಎರಡನೇ ಮಹಾಯುದ್ಧ ಮುಗಿದ ಮೇಲೆ ಬ್ರಿಟನ್ ಅರ್ಧಕ್ಕೇ ಬಿಟ್ಟಿದ್ದ ಹಡಗನ್ನು ಭಾರತ 1957ರಲ್ಲಿ ಕೊಂಡಿತ್ತು. ಅದನ್ನು ಪೂರ್ತಿ ಮಾಡಿಕೊಟ್ಟದ್ದು ಟೈಟಾನಿಕ್ ಕಟ್ಟಿದ್ದ ಹಾರ್ಲೆಂಡ್ ಅಂಡ್ ವುಲ್ಫ್. ಅಂಥ ಕಂಪನಿ 2019ರಲ್ಲೊಮ್ಮೆ, 2024ರಲ್ಲಿ ಮತ್ತೊಮ್ಮೆ ದಿವಾಳಿಯೆದ್ದಿತು. ಕಸುಬು ಬಾರದೆ ಅಲ್ಲ. ಮೊದಲಿನಿಂದಲೂ ಅದು ನಡೆದದ್ದೇ ಇನ್ನೊಬ್ಬರ ಥೈಲಿ ನಂಬಿ.

ರಾಬರ್ಟ್ ಹಿಕ್ಸನ್ ಎಂಬಾತನ ಹಡಗುಕಟ್ಟೆಯಲ್ಲಿ ಮ್ಯಾನೇಜರ್ ಆಗಿದ್ದ ಎಡ್ವರ್ಡ್ ಹಾರ್ಲೆಂಡ್ 1858ರಲ್ಲಿ ಅದನ್ನೇ 5,000 ಪೌಂಡಿಗೆ ಕೊಂಡ. ಬೆನ್ನಿಗಿದ್ದವನು ಲಿವರ್‌ಪೂಲಿನ ವ್ಯಾಪಾರಿ ಗುಸ್ತಾವ್ ಶ್ವಾಬೆ. ಆತನ ಸೋದರಳಿಯ ಗುಸ್ತಾವ್ ವುಲ್ಫ್ 1861ರಲ್ಲಿ ಪಾಲುದಾರನಾದ. ಮೇಲಿನ ಡೆಕ್ಕನ್ನು ಮರದ ಬದಲು ಕಬ್ಬಿಣದಲ್ಲಿ ಮಾಡಿ, ಹಡಗನ್ನು ಉದ್ದವಾಗಿಯೂ ಗಟ್ಟಿಯಾಗಿಯೂ ಕಟ್ಟಿದ್ದು ಹಾರ್ಲೆಂಡನ ಜಾಣ್ಮೆ. ಆದರೆ ಆರ್ಡರ್ ತಂದದ್ದು ಶ್ವಾಬೆಯ ನೆಂಟಸ್ತಿಕೆ, ಸ್ನೇಹಗಳು. ವೈಟ್ ಸ್ಟಾರ್ ಕಂಪನಿಯ ಥಾಮಸ್ ಇಸ್ಮೇಗೆ ಆತ ಬಂಡವಾಳ ಒದಗಿಸಿದ. ಷರತ್ತು ಒಂದೇ, ಹಡಗು ಕಟ್ಟಬೇಕಾದ್ದು ಬೆಲ್‌ಫಾಸ್ಟಿನಲ್ಲಿ. ಆದ ಖರ್ಚು, ಅದರ ಮೇಲೆ ಗೊತ್ತುಮಾಡಿದ ಲಾಭ: ಇದು ಕರಾರು. ನಷ್ಟದ ಭಯವಿಲ್ಲದ ಇಂಥ ಗಿರಾಕಿ ಯಾರಿಗೆ ಸಿಕ್ಕಾನು? 1911ರ ಮೇ 31ರಂದು ನೀರಿಗಿಳಿದ ಟೈಟಾನಿಕ್ ಕೂಡ ಈ ಕರಾರಿನ ಕೂಸೇ.

ಆ ವೈಭವ ಊರಿನ ಎಲ್ಲರದೂ ಆಗಿರಲಿಲ್ಲ. 1920ರ ಜುಲೈಯಲ್ಲಿ ಪ್ರೊಟೆಸ್ಟಂಟ್ ಕಾರ್ಮಿಕರು ಕ್ಯಾಥೊಲಿಕರನ್ನೂ, ಅವರ ಜೊತೆಗೆ ಸಮಾಜವಾದಿಗಳನ್ನೂ ಹೊಡೆದು ಹಡಗುಕಟ್ಟೆಯಿಂದ ಹೊರಗಟ್ಟಿದರು. ಬೆಲ್‌ಫಾಸ್ಟಿನ ಹೆಮ್ಮೆಯ ಕಥೆ ಹೇಳುವವರು ಇದನ್ನು ಸಾಮಾನ್ಯವಾಗಿ ಬೇಗ ದಾಟಿಬಿಡುತ್ತಾರೆ.

ಎರಡನೇ ಯುದ್ಧದಲ್ಲಿ ಇಲ್ಲಿ ಸುಮಾರು 35,000 ಮಂದಿ ದುಡಿಯುತ್ತಿದ್ದರು. ಆಮೇಲೆ ಪ್ರಯಾಣಿಕರು ವಿಮಾನ ಹತ್ತಿದರು, ಆರ್ಡರುಗಳು ಜಪಾನಿನತ್ತ ಹೋದವು. ದೈತ್ಯ ತೈಲ ಹಡಗುಗಳನ್ನು ನೆಚ್ಚಿ ಹೊಸ ಡಾಕ್ ಕಟ್ಟಿ, 1969ರಲ್ಲಿ ಗೋಲಿಯತ್ ಎಂಬ ಭಾರಿ ಕ್ರೇನ್ ನಿಲ್ಲಿಸಿದರು. ಅದರ ಜೋಡಿ ಸ್ಯಾಮ್ಸನ್ ಎದ್ದದ್ದು 1974ರಲ್ಲಿ. ಅಷ್ಟರಲ್ಲಿ ತೈಲ ಬಿಕ್ಕಟ್ಟು ಬಂದು ಆ ಮಾರುಕಟ್ಟೆಯೇ ಕುಸಿದಿತ್ತು. ಇಂಥ ಕೆಟ್ಟ ಗಳಿಗೆ ಹುಡುಕಿದರೂ ಸಿಗದು. 1977ರಲ್ಲಿ ಕಂಪನಿ ಸರ್ಕಾರದ್ದಾಯಿತು; 1989ರಲ್ಲಿ ನಾರ್ವೆಯ ಹಡಗು ಉದ್ಯಮಿ ಫ್ರೆಡ್ ಓಲ್ಸನ್ ಕೈಗೆ ಹೋಯಿತು. 2003ರಲ್ಲಿ ಮುಗಿಸಿಕೊಟ್ಟ ಆ್ಯನ್ವಿಲ್ ಪಾಯಿಂಟ್ ಎಂಬ ಹಡಗಿನ ನಂತರ ರಿಪೇರಿ, ಗಾಳಿಯಂತ್ರದ ಬಿಡಿಭಾಗಗಳೇ ಆಧಾರ.

2019ರಲ್ಲಿ ಬಾಗಿಲು ಹಾಕುವ ಹೊತ್ತಿಗೆ ಕಾರ್ಮಿಕರು ಗೇಟನ್ನೇ ಹಿಡಿದು ಕೂತರು. ಇನ್‌ಫ್ರಾಸ್ಟ್ರಾಟಾ ಎಂಬ ಸಣ್ಣ ಕಂಪನಿ 60 ಲಕ್ಷ ಪೌಂಡಿಗೆ ಕೊಂಡಿತು. ಬ್ರಿಟಿಷ್ ನೌಕಾಪಡೆಯ ಮೂರು ಸರಬರಾಜು ಹಡಗುಗಳ 160 ಕೋಟಿ ಪೌಂಡ್ ಗುತ್ತಿಗೆಯಲ್ಲಿ ಪಾಲೂ ಸಿಕ್ಕಿತು. 2024ರಲ್ಲಿ ಸಾಲಕ್ಕೆ ಜಾಮೀನು ನಿಲ್ಲಲು ಬ್ರಿಟಿಷ್ ಸರ್ಕಾರ ಒಪ್ಪಲಿಲ್ಲ. 2025ರ ಜನವರಿಯಲ್ಲಿ ಹಡಗುಕಟ್ಟೆ ಆ ಗುತ್ತಿಗೆಯ ಇನ್ನೊಬ್ಬ ಪಾಲುದಾರ ನವಾಂತಿಯಾದ ವಶವಾಯಿತು. ನವಾಂತಿಯಾ ಸ್ಪೇನ್ ಸರ್ಕಾರದ ಕಂಪನಿ.