ಆಸ್ತಮಾ: ಬಿಗಿತ ಬೇರೆ, ಊತ ಬೇರೆ

ಆಸ್ತಮಾದಲ್ಲಿ ಶ್ವಾಸನಾಳ ಕಿರಿದಾಗಲು ಮೂರು ಕಾರಣಗಳಿವೆ. ನಾಳವನ್ನು ಸುತ್ತಿರುವ ಸ್ನಾಯು ಬಿಗಿಯುತ್ತದೆ, ಒಳಪದರ ಊದಿಕೊಳ್ಳುತ್ತದೆ, ಅಂಟಾದ ಕಫ ಕಟ್ಟಿಕೊಳ್ಳುತ್ತದೆ. ಸ್ನಾಯು ನಿಮಿಷಗಳಲ್ಲಿ ಬಿಗಿದು, ಔಷಧ ಬಿದ್ದರೆ ನಿಮಿಷಗಳಲ್ಲೇ ಸಡಿಲವಾಗುತ್ತದೆ. ಊತ ಇಳಿಯಲು ದಿನಗಳು, ವಾರಗಳು ಬೇಕು. ಇದು ಮನಸ್ಸಿನಲ್ಲಿ ಕೂತರೆ ಔಷಧಗಳನ್ನು ಉರು ಹೊಡೆಯಬೇಕಾಗಿಲ್ಲ.

ಉಬ್ಬಸ ಬಂದಾಗ ಎಳೆಯುವ ಇನ್ಹೇಲರ್ ಔಷಧ ಸಾಲ್ಬುಟಮಾಲ್ ಕೆಲಸ ಮಾಡುವುದು ಸ್ನಾಯುವಿನ ಮೇಲೆ. ಸುಮಾರು 5 ನಿಮಿಷದಲ್ಲಿ ಉಸಿರು ಹಗುರವಾಗುತ್ತದೆ, ಪರಿಣಾಮ 4ರಿಂದ 6 ಗಂಟೆ ಇರುತ್ತದೆ. ಊತಕ್ಕೆ ಅದರಿಂದ ಏನೂ ಆಗದು. ಊತ ಇಳಿಸುವುದು ಬುಡೆಸೊನೈಡ್‌ನಂಥ ಸ್ಟೀರಾಯ್ಡ್ ಇನ್ಹೇಲರ್. ಅದನ್ನು ತೆಗೆದುಕೊಂಡ ಕೂಡಲೇ ಯಾವ ವ್ಯತ್ಯಾಸವೂ ಗೊತ್ತಾಗದ ಕಾರಣ ರೋಗಿಗಳು ಮೊದಲು ಬಿಡುವುದು ಅದನ್ನೇ. ಒಳಗೆ ಊತ ಬೆಳೆಯುತ್ತಿದ್ದರೂ ಸಾಲ್ಬುಟಮಾಲ್ ಆರಾಮದ ಭ್ರಮೆ ಕೊಡುತ್ತಿರುತ್ತದೆ. ಆದ್ದರಿಂದಲೇ 2019ರಿಂದ ಜಿನಾ (GINA, ಆಸ್ತಮಾ ಕುರಿತ ಜಾಗತಿಕ ತಜ್ಞ ಸಂಸ್ಥೆ) ಮಾರ್ಗಸೂಚಿ ವಯಸ್ಕರಿಗೂ ಹದಿಹರೆಯದವರಿಗೂ ಸಾಲ್ಬುಟಮಾಲ್ ಒಂದನ್ನೇ ಕೊಡಬಾರದು ಎನ್ನುತ್ತದೆ. ಬುಡೆಸೊನೈಡ್ ಜೊತೆ, ಸ್ನಾಯುವನ್ನು ಬೇಗ ಸಡಿಲಿಸುವ ಫಾರ್ಮೊಟೆರಾಲ್ ಸೇರಿದ ಇನ್ಹೇಲರ್ ಬಳಸಿದರೆ, ಉಬ್ಬಸಕ್ಕೆಂದು ಎಳೆದ ಪ್ರತಿ ಪಫ್‌ನಲ್ಲೂ ಊತದ ಔಷಧವೂ ಒಳಗೆ ಹೋಗುತ್ತದೆ. ಸ್ನಾಯು ಸಡಿಲಿಸುವ ಇನ್ನೊಂದು ಔಷಧ ಸಾಲ್ಮೆಟೆರಾಲ್ ನಿಧಾನ, ಅದನ್ನು ಈ ಕೆಲಸಕ್ಕೆ ಬಳಸುವಂತಿಲ್ಲ. 200 ಪಫ್‌ನ ಸಾಲ್ಬುಟಮಾಲ್ ಡಬ್ಬಿ ವರ್ಷಕ್ಕೆ 3 ಅಥವಾ ಹೆಚ್ಚು ಖಾಲಿಯಾಗುತ್ತಿದ್ದರೆ ತೀವ್ರ ದಾಳಿಯ ಅಪಾಯ ಹೆಚ್ಚಿದೆ ಎಂದೇ ತಿಳಿಯಿರಿ.

ಆಸ್ತಮಾ ಪತ್ತೆಗೆ ಸ್ಪೈರೋಮೆಟ್ರಿ, ಅಂದರೆ ಊದಿಸಿ ಉಸಿರಿನ ಗಾಳಿಯನ್ನು ಅಳೆಯುವ ಪರೀಕ್ಷೆ. ಸಾಲ್ಬುಟಮಾಲ್ ಕೊಟ್ಟು 10–15 ನಿಮಿಷದ ನಂತರ, ಮೊದಲ ಸೆಕೆಂಡಿನಲ್ಲಿ ಹೊರಬರುವ ಗಾಳಿ ವಯಸ್ಕರಲ್ಲಿ ಶೇ. 12ರಷ್ಟೂ 200 ಮಿ.ಲೀ.ನಷ್ಟೂ ಹೆಚ್ಚಬೇಕು. ಎರಡೂ ಬೇಕು. ಆರಾಮಾಗಿರುವ ದಿನ ಪರೀಕ್ಷೆ ಸರಿಯಾಗಿ ಬಂದಿತೆಂದು ಆಸ್ತಮಾ ಇಲ್ಲ ಎನ್ನಬೇಡಿ.

ಚಿಕಿತ್ಸೆ ಹೆಚ್ಚಾಗಿ ಕೈಕೊಡುವುದು ಇನ್ಹೇಲರ್ ಹಿಡಿಯುವ ಕೈಯಲ್ಲೇ. ಡೋಸ್ ಏರಿಸುವ ಮೊದಲು ರೋಗಿ ಹೇಗೆ ಎಳೆಯುತ್ತಾರೆಂದು ಕಣ್ಣಾರೆ ನೋಡಿ. ಒತ್ತುವ ಇನ್ಹೇಲರ್ ಆದರೆ ಚೆನ್ನಾಗಿ ಕುಲುಕಿ, ಉಸಿರು ಪೂರ್ತಿ ಹೊರಬಿಟ್ಟು, ತುಟಿ ಬಿಗಿಹಿಡಿದು, ನಿಧಾನವಾಗಿ ಎಳೆಯಲು ತೊಡಗುತ್ತಲೇ ಒತ್ತಬೇಕು. 4–5 ಸೆಕೆಂಡು ಎಳೆದು 10 ಸೆಕೆಂಡು ಉಸಿರು ಕಟ್ಟಬೇಕು. ಮುಂದಿನ ಪಫ್‌ಗೆ ಅರ್ಧದಿಂದ ಒಂದು ನಿಮಿಷ ಬಿಟ್ಟು ಮತ್ತೆ ಕುಲುಕಬೇಕು. ರಭಸದಿಂದ ಎಳೆದರೆ ಔಷಧ ಗಂಟಲಿಗೆ ಬಡಿದು ಅಲ್ಲೇ ಉಳಿಯುತ್ತದೆ. ಪುಡಿ ಇನ್ಹೇಲರ್‌ನಲ್ಲಿ ಇದು ತಿರುಗುಮುರುಗು: ರಭಸದಿಂದಲೇ ಎಳೆಯಬೇಕು, ಇಲ್ಲದಿದ್ದರೆ ಪುಡಿ ಒಡೆದು ಹರಡುವುದಿಲ್ಲ, ಅದರೊಳಗೆ ಉಸಿರು ಬಿಟ್ಟರೆ ತೇವಕ್ಕೆ ಗಂಟುಕಟ್ಟುತ್ತದೆ.

ಒತ್ತುವ ಕೈ ಮತ್ತು ಎಳೆಯುವ ಉಸಿರು ಹೊಂದದವರಿಗೆ ಸ್ಪೇಸರ್ (ಇನ್ಹೇಲರ್ ಮತ್ತು ಬಾಯಿಯ ನಡುವೆ ಜೋಡಿಸುವ ಕೊಳವೆ) ನಿಜಕ್ಕೂ ವರ. ಅದರೊಳಕ್ಕೆ ಒಂದು ಸಲಕ್ಕೆ ಒಂದೇ ಪಫ್. ಪ್ಲಾಸ್ಟಿಕ್ ಸ್ಪೇಸರನ್ನು ಸೋಪಿನ ನೀರಿನಲ್ಲಿ ತೊಳೆದು ಗಾಳಿಗೆ ಒಣಗಿಸಿ. ಬಟ್ಟೆಯಿಂದ ಉಜ್ಜಿದರೆ ಸ್ಥಿರವಿದ್ಯುತ್ ಹುಟ್ಟಿ ಔಷಧ ಗೋಡೆಗೆ ಅಂಟುತ್ತದೆ. ಸ್ಟೀರಾಯ್ಡ್ ಎಳೆದ ಮೇಲೆ ಬಾಯಿ ಮುಕ್ಕಳಿಸಿ ಉಗುಳದಿದ್ದರೆ ನಾಲಗೆಯ ಮೇಲೆ ಶಿಲೀಂಧ್ರದ ಬಿಳಿ ಪದರ ಬರಬಹುದು. ಔಷಧ ಮುಗಿದರೂ ಡಬ್ಬಿ ಬುಸ್ಸೆನ್ನುತ್ತಲೇ ಇರುತ್ತದೆ, ಹಾಗಾಗಿ ನಂಬಬೇಕಾದ್ದು ಡೋಸ್ ಕೌಂಟರನ್ನು.

ಆಸ್ತಮಾ ಹತೋಟಿಯಲ್ಲಿದೆಯೇ ಎಂದು ತಿಳಿಯಲು ಕಳೆದ 4 ವಾರದ ಬಗ್ಗೆ ಕೇಳಿ: ಹಗಲಲ್ಲಿ ವಾರಕ್ಕೆ ಎರಡಕ್ಕಿಂತ ಹೆಚ್ಚು ಸಲ ತೊಂದರೆಯಾಯಿತೇ, ಅಷ್ಟೇ ಸಲ ಸಾಲ್ಬುಟಮಾಲ್ ಬೇಕಾಯಿತೇ, ರಾತ್ರಿ ಎಚ್ಚರವಾಯಿತೇ, ಕೆಲಸಕ್ಕೆ ಅಡ್ಡಿಯಾಯಿತೇ. ಬೇರೆ ಔಷಧಗಳನ್ನೂ ವಿಚಾರಿಸಿ. ಗ್ಲಾಕೋಮಾಕ್ಕೆ (ಕಣ್ಣಿನ ಒತ್ತಡದ ರೋಗ) ಹಾಕುವ ಟಿಮೊಲಾಲ್ ಕಣ್ಣಿನ ಹನಿಯಿಂದಲೂ ಉಬ್ಬಸ ಕೆರಳಬಹುದು, ಆದರೆ ಕಣ್ಣಿನ ಹನಿಯನ್ನು ಯಾರೂ ತಾವಾಗಿ ಹೇಳುವುದಿಲ್ಲ.

ತೀವ್ರ ದಾಳಿಯಲ್ಲಿ ರೋಗಿಗೆ ಒಂದು ವಾಕ್ಯ ಪೂರ್ತಿ ಆಡಲಾಗದು, ಉಸಿರಾಟ ನಿಮಿಷಕ್ಕೆ 30 ದಾಟುತ್ತದೆ, ನಾಡಿ 120 ದಾಟುತ್ತದೆ. ನೇರ ಕೂರಿಸಿ, ಸ್ಪೇಸರ್ ಮೂಲಕ 100 ಮೈಕ್ರೋಗ್ರಾಂ ಸಾಲ್ಬುಟಮಾಲ್ 4ರಿಂದ 10 ಪಫ್, ಮೊದಲ ಗಂಟೆ 20 ನಿಮಿಷಕ್ಕೊಮ್ಮೆ ಕೊಡುತ್ತಲೇ ಆಸ್ಪತ್ರೆಗೆ ಸಾಗಿಸಬೇಕು. ಎದೆಯ ಸಿಳ್ಳೆ ಶಬ್ದ ನಿಂತರೆ ಸುಧಾರಿಸಿತೆಂದು ಭಾವಿಸಬೇಡಿ. ಶಬ್ದ ಹುಟ್ಟಿಸುವಷ್ಟು ಗಾಳಿಯೂ ಆಡುತ್ತಿಲ್ಲದಿರಬಹುದು. ರಕ್ತದ ಇಂಗಾಲದ ಡೈಆಕ್ಸೈಡ್‌ಗೂ ಇದೇ ಎಚ್ಚರ ಬೇಕು. ಏದುಸಿರು ಬಿಡುವವರಲ್ಲಿ ಅದು ಕಡಿಮೆ ಇರಬೇಕು. ವರದಿಯಲ್ಲಿ ಸಾಮಾನ್ಯ ಮಟ್ಟ ಬಂದರೆ ರೋಗಿ ದಣಿದು ಸೋಲುತ್ತಿದ್ದಾರೆ, ತಕ್ಷಣ ತೀವ್ರ ನಿಗಾ ಘಟಕದವರನ್ನು ಕರೆಯಬೇಕು.