ಬ್ಯಾಸ್ಕೆಟ್‌ಬಾಲ್ ಆಟಗಾರರ ಸಂಬಳ: ಒಬ್ಬ ಸಿಎ ಲೆಕ್ಕ

2024-25ರ ಸೀಸನ್‌ಗೆ ಅಮೆರಿಕದ ಬ್ಯಾಸ್ಕೆಟ್‌ಬಾಲ್ ಲೀಗ್ ಎನ್‌ಬಿಎಯ ಸ್ಟಾರ್ ಸ್ಟೆಫ್ ಕರಿ ಪಡೆದ ಸಂಬಳ ಹೆಚ್ಚುಕಡಿಮೆ 5.6 ಕೋಟಿ ಡಾಲರ್. ನಮ್ಮ ಲೆಕ್ಕದಲ್ಲಿ ಸುಮಾರು 470 ಕೋಟಿ ರೂಪಾಯಿ. ಕೇಳಿದವರೆಲ್ಲ ಹೇಳೋದು ಒಂದೇ: ಚೆಂಡನ್ನು ಬುಟ್ಟಿಗೆ ಹಾಕೋದಕ್ಕೆ ಇಷ್ಟೊಂದಾ? ಶಾಲೆ ಮೇಷ್ಟ್ರಿಗೆ ಎಷ್ಟು ಕೊಡ್ತಾರೆ?

ಆದಾಯ ಹಂಚಿಕೊಳ್ಳುವ ಕರಾರುಗಳ ಲೆಕ್ಕ ನೋಡೋದು ನನ್ನ ಕೆಲಸ. ಹಾಗಾಗಿ ನಾನು ಮೊದಲು ಕೇಳೋದೇ ಬೇರೆ. ಈ ದುಡ್ಡು ಎಲ್ಲಿಂದ ಬಂತು? ಆಟಗಾರ ತಗೊಳ್ಳದಿದ್ದರೆ ಯಾರ ಜೇಬಿಗೆ ಹೋಗುತ್ತಿತ್ತು?

ದುಡ್ಡಿನ ದೊಡ್ಡ ಭಾಗ ಬರೋದು ಟಿವಿಯಿಂದ. ಡಿಸ್ನಿ, ಎನ್‌ಬಿಸಿ ಮತ್ತು ಅಮೆಜಾನ್ ಜೊತೆ ಎನ್‌ಬಿಎ ಮಾಡಿಕೊಂಡ ಒಪ್ಪಂದ 2025-26ರಿಂದ 11 ವರ್ಷದ್ದು. ಮೊತ್ತ ಸುಮಾರು 7,600 ಕೋಟಿ ಡಾಲರ್. ಇದು, ಟಿಕೆಟ್, ಜೆರ್ಸಿ ಎಲ್ಲ ಸೇರಿದ ಆದಾಯದಲ್ಲಿ ಶೇ. 49ರಿಂದ 51 ಆಟಗಾರರಿಗೆ, ಉಳಿದದ್ದು ಮಾಲೀಕರಿಗೆ. ಇದು ಧಾರಾಳವಾಗಿ ಕೊಟ್ಟ ಪಾಲಲ್ಲ. ಹಿಂದೆ ಆಟಗಾರರ ಪಾಲು ಶೇ. 57 ಇತ್ತು. 2011ರಲ್ಲಿ ಮಾಲೀಕರು ಲೀಗ್‌ಗೆ ಬೀಗ ಹಾಕಿ ಅದನ್ನು ಇಳಿಸಿದರು. ಆ ಸೀಸನ್‌ನಲ್ಲಿ ತಂಡಕ್ಕೆ 82ರ ಬದಲು 66 ಪಂದ್ಯಗಳಷ್ಟೇ ನಡೆದವು.

ಪಾಲು ತಪ್ಪದಂತೆ ನೋಡಿಕೊಳ್ಳೋ ಏರ್ಪಾಡೂ ಇದೆ. ಪ್ರತಿ ಸಂಬಳದಿಂದ ಒಂದಿಷ್ಟು ಹಿಡಿದಿಟ್ಟು ವರ್ಷದ ಕೊನೆಗೆ ಲೆಕ್ಕ ಹಾಕುತ್ತಾರೆ. ಆಟಗಾರರಿಗೆ ಪಾಲಿಗಿಂತ ಜಾಸ್ತಿ ಹೋಗಿದ್ದರೆ ಹಿಡಿದದ್ದು ಮಾಲೀಕರಿಗೆ. ಕಡಿಮೆ ಹೋಗಿದ್ದರೆ ಮಾಲೀಕರು ತುಂಬಿಕೊಡಬೇಕು. ಅಂದಮೇಲೆ ನಾಳೆ ಕರಿ ಅರ್ಧ ಸಂಬಳ ಸಾಕು ಅಂದರೂ ಟಿಕೆಟ್ ಅಗ್ಗವಾಗಲ್ಲ. ಉಳಿದದ್ದು ಬೇರೆ ಆಟಗಾರರಿಗೆ ಹೋಗುತ್ತದೆ, ಅಷ್ಟೇ. ಒಟ್ಟು ಪಾಲನ್ನೇ ಇಳಿಸಿದರೆ ಲಾಭ ಮಾಲೀಕರಿಗೆ. ಮೇಷ್ಟ್ರಿಗೆ ಎರಡರಲ್ಲೂ ಒಂದು ಪೈಸೆ ಸಿಗಲ್ಲ.

ನನ್ನ ಪ್ರಕಾರ ಕರಿಗೆ ಸಿಗೋದು ಕಡಿಮೆಯೇ. 1997-98ರಲ್ಲಿ ಮೈಕಲ್ ಜೋರ್ಡನ್ ಸಂಬಳ 3.31 ಕೋಟಿ ಡಾಲರ್. ಆಗ ಇಡೀ ತಂಡದ ಸಂಬಳಕ್ಕೆ ಇದ್ದ ಮಿತಿಯೇ 2.69 ಕೋಟಿ! ಸ್ವಂತ ಆಟಗಾರನನ್ನು ಉಳಿಸಿಕೊಳ್ಳೋಕೆ ಮಿತಿ ಮೀರಬಹುದು ಅನ್ನೋ ನಿಯಮ ಇದ್ದದ್ದರಿಂದ ಇದು ಸಾಧ್ಯವಾಯಿತು. ಮರುವರ್ಷವೇ ಲೀಗ್‌ಗೆ ಬೀಗ ಬಿತ್ತು. ಅದು ತೆರೆದಾಗ ಒಬ್ಬೊಬ್ಬ ಆಟಗಾರನ ಸಂಬಳಕ್ಕೂ ಗರಿಷ್ಠ ಮಿತಿ ಬಂದಿತ್ತು. ಇವತ್ತು ದೊಡ್ಡ ಸ್ಟಾರ್ ಆದರೂ ಹೊಸ ಕರಾರು ಸಾಮಾನ್ಯವಾಗಿ ಶುರುವಾಗೋದು ತಂಡದ ಮಿತಿಯ ಶೇ. 35ರ ಒಳಗೇ. ಸ್ಟಾರ್ ಬಿಟ್ಟುಕೊಟ್ಟದ್ದನ್ನು ತಿನ್ನೋರು ಮಧ್ಯಮ ದರ್ಜೆಯ ಆಟಗಾರರು. ಮಂಡಿ ನೋವಿನಿಂದ ಬೆಂಚ್ ಮೇಲೆ ಕೂತು ನಾಲ್ಕು ವರ್ಷದ ಕರಾರು ಮುಗಿಸೋರ ಬಗ್ಗೆ ಬೇಕಾದರೆ ಜಗಳ ಆಡಿ, ನಾನೂ ಸೇರಿಕೊಳ್ತೀನಿ.

ಪಾಲಿನ ಕರಾರು ಕೈಗೆ ಬಂದರೆ ನಾನು ಶೇಕಡಾ ನೋಡೋದು ಆಮೇಲೆ. ಯಾವ ಆದಾಯ ಲೆಕ್ಕಕ್ಕೆ ಸೇರಿದೆ, ಯಾವುದನ್ನು ಹೊರಗಿಟ್ಟಿದ್ದಾರೆ ಅನ್ನೋದು ಮೊದಲು. ಎನ್‌ಬಿಎ ಒಪ್ಪಂದದಲ್ಲಿ ತಂಡ ಮಾರಿದ ದುಡ್ಡು ಹೊರಗೆ. ಹೊಸ ತಂಡ ಲೀಗ್ ಸೇರಲು ಕಟ್ಟೋ ಶುಲ್ಕವೂ ಹೊರಗೆ. ಕರಿ ತನ್ನ ತಂಡ ವಾರಿಯರ್ಸ್ ಸೇರಿದ್ದು 2009ರಲ್ಲಿ. ಮರುವರ್ಷ ಈಗಿನ ಮಾಲೀಕರು ತಂಡ ಕೊಂಡದ್ದು 45 ಕೋಟಿ ಡಾಲರ್‌ಗೆ. 2024ರಲ್ಲಿ ಫೋರ್ಬ್ಸ್ ಕಟ್ಟಿದ ಬೆಲೆ 880 ಕೋಟಿ. ನಡುವೆ ನಾಲ್ಕು ಚಾಂಪಿಯನ್‌ಷಿಪ್ ಬಂದವು, ನಾಲ್ಕರಲ್ಲೂ ಕರಿ ಇದ್ದ. ಏರಿದ ಬೆಲೆಯಲ್ಲಿ ಅವನ ಪಾಲು ಸೊನ್ನೆ.

ತೆರಿಗೆ ಕಟ್ಟೋರ ಸಿಟ್ಟಿಗೆ ಮಾತ್ರ ಕಾರಣ ಇದೆ. ಓಕ್ಲಹೋಮ ಸಿಟಿಯ ಹೊಸ ಕ್ರೀಡಾಂಗಣಕ್ಕೆ ಕನಿಷ್ಠ 90 ಕೋಟಿ ಡಾಲರ್ ಖರ್ಚು. ತಂಡದ ಮಾಲೀಕರು ಹಾಕೋದು 5 ಕೋಟಿ. ಉಳಿದದ್ದು ಬಹುಪಾಲು ಶೇ. 1ರ ಮಾರಾಟ ತೆರಿಗೆಯಿಂದ. 2023ರ ಡಿಸೆಂಬರ್‌ನಲ್ಲಿ ಜನರೇ ಇದಕ್ಕೆ ವೋಟು ಹಾಕಿದರು ಅನ್ನಿ. ಆದರೂ ಸಾರ್ವಜನಿಕರ ದುಡ್ಡು ಹೋಗೋದು ಇಲ್ಲಿ, ಆಟಗಾರನ ಸಂಬಳದ ಚೀಟಿಯಲ್ಲಿ ಅಲ್ಲ.

ಮಹಿಳೆಯರ ಲೀಗ್ ಡಬ್ಲ್ಯುಎನ್‌ಬಿಎಯಲ್ಲೂ ಇದೇ ಜಗಳ ನಡೆಯಿತು. 2024ರಲ್ಲಿ ಅಲ್ಲಿನ ಹೊಸ ಸ್ಟಾರ್ ಕೈಟ್ಲಿನ್ ಕ್ಲಾರ್ಕ್ ಮೊದಲ ವರ್ಷದ ಸಂಬಳ 76,535 ಡಾಲರ್. ಮರುವರ್ಷ ಆಲ್‌ಸ್ಟಾರ್ ಪಂದ್ಯಕ್ಕೆ ಮುಂಚೆ ಆಟಗಾರ್ತಿಯರು 'ನಮಗೆ ಕೊಡಬೇಕಾದ್ದು ಕೊಡಿ' ಅನ್ನೋ ಅರ್ಥದ ಟೀ ಷರ್ಟ್ ಹಾಕಿಕೊಂಡರು. ಕರಿಯಷ್ಟೇ ಬೇಕಂತೆ ಅಂತ ಎಷ್ಟೋ ಜನ ನಕ್ಕರು. ಅವರು ಕೇಳುತ್ತಿದ್ದದ್ದು ಲೀಗ್‌ನ ಆದಾಯದ ಜೊತೆಗೇ ಏರೋ ಒಂದು ಪಾಲನ್ನು.