ವರ್ಚುವಲ್ ಗಿಟಾರ್ ಸ್ಟ್ರಮ್ಮಿಂಗ್ ಯಾಕೆ ಹಾರ್ಮೋನಿಯಂ ತರ ಕೇಳ್ಸುತ್ತೆ

ಮೊದಲ ಸಲ ಒಂದು ಭಾವಗೀತೆ ಟ್ರ್ಯಾಕ್‌ಗೆ ಕಂಪ್ಯೂಟರ್‌ನಲ್ಲೇ ನೋಟ್ ಬರೆದು ನುಡಿಸೋ ವರ್ಚುವಲ್ ಅಕೂಸ್ಟಿಕ್ ಗಿಟಾರ್ ಹಾಕಿ, ಗಿಟಾರ್ ನುಡಿಸೋ ಫ್ರೆಂಡ್‌ಗೆ ಕೇಳಿಸಿದೆ. ಅರ್ಧ ನಿಮಿಷ ಕೇಳಿ "ಚೆನ್ನಾಗಿದೆ ಕಣೋ, ಹಾರ್ಮೋನಿಯಂ ಯಾರು ನುಡಿಸಿದ್ದು?" ಅಂದ. ಲೈಬ್ರರಿದೇನೂ ತಪ್ಪಿರ್ಲಿಲ್ಲ, ಅದರಲ್ಲಿರೋದು ನಿಜವಾದ ಗಿಟಾರ್‌ನ ಒಂದೊಂದೇ ತಂತಿ ಮೀಟಿ ರೆಕಾರ್ಡ್ ಮಾಡಿದ ಸೌಂಡೇ. ಅದನ್ನ ಕೀಬೋರ್ಡ್ ಒತ್ತಿದಂಗೆ ಒತ್ತಿದ್ದು ನಾನು.

ಮೊದಲು ವಾಯ್ಸಿಂಗ್, ಅಂದ್ರೆ ಒಂದು ಕಾರ್ಡ್‌ನಲ್ಲಿ ಒಟ್ಟಿಗೆ ಬರೋ ಸ್ವರಗಳನ್ನ ಯಾವ್ಯಾವ ಎತ್ತರದಲ್ಲಿ ಜೋಡಿಸ್ತೀವಿ ಅನ್ನೋದು. ಕೀಬೋರ್ಡ್‌ನಲ್ಲಿ ಜಿ ಮೇಜರ್ ಅಂದ್ರೆ ಜಿ-ಬಿ-ಡಿ, ಮೂರು ಬೆರಳು, ಮುಗೀತು. ಗಿಟಾರ್‌ನಲ್ಲಿ ಓಪನ್ ಜಿ ಹಿಡಿದ್ರೆ ದಪ್ಪ ತಂತಿಯಿಂದ ಸಣ್ಣ ತಂತಿವರೆಗೆ ಜಿ-ಬಿ-ಡಿ-ಜಿ-ಬಿ-ಜಿ, ಎರಡು ಆಕ್ಟೇವ್ ಹರಡಿರುತ್ತೆ. ಮಿಡಿ ನಂಬರಲ್ಲಿ (ಕಂಪ್ಯೂಟರ್‌ನಲ್ಲಿ ಒಂದೊಂದು ಸ್ವರಕ್ಕೂ ಇರೋ ಸಂಖ್ಯೆ) 43, 47, 50, 55, 59, 67. ಡಿ ಕಾರ್ಡ್‌ಗೆ ನಾಲ್ಕೇ ತಂತಿ: 50, 57, 62, 66. ಎಲ್ಲಾ ಕಾರ್ಡ್‌ಗೂ ಆರು ನೋಟ್ ತುಂಬೋಕೆ ಹೋಗ್ಬೇಡಿ.

ಆಮೇಲೆ ಟೈಮಿಂಗ್. ಪಿಕ್ ಆರೂ ತಂತಿನ ಒಂದೇ ಕ್ಷಣದಲ್ಲಿ ಮುಟ್ಟಲ್ಲ, ಒಂದಾದ್ಮೇಲೆ ಒಂದು ಸವರ್ಕೊಂಡು ಹೋಗುತ್ತೆ. ನಾನು ಮಾಮೂಲಿ ಡೌನ್‌ಸ್ಟ್ರೋಕ್‌ಗೆ (ದಪ್ಪ ತಂತಿಯಿಂದ ಕೆಳಗೆ ಇಳಿಯೋ ಏಟು) ಮೊದಲಿಂದ ಕೊನೆಗೆ ಸುಮಾರು 25 ಮಿಲಿಸೆಕೆಂಡ್ ಇಡ್ತೀನಿ. ರೀಪರ್ ಅನ್ನೋ ರೆಕಾರ್ಡಿಂಗ್ ಸಾಫ್ಟ್‌ವೇರ್‌ನಲ್ಲಿ ಡೀಫಾಲ್ಟ್ ಆಗಿ ಒಂದು ಬೀಟ್‌ಗೆ 960 ಟಿಕ್ (ಬೀಟ್‌ನ ಸಣ್ಣ ಸಣ್ಣ ತುಂಡು), ಟೆಂಪೋ ನಿಮಿಷಕ್ಕೆ 100 ಬೀಟ್ ಇದ್ರೆ ಬೀಟ್ 600 ಮಿಲಿಸೆಕೆಂಡ್, ಅಂದ್ರೆ ತಂತಿಯಿಂದ ತಂತಿಗೆ 8 ಟಿಕ್ ಸರಿಸಿದ್ರೆ 5 ಮಿಲಿಸೆಕೆಂಡ್, ಆರು ತಂತಿ ಮಧ್ಯೆ ಐದು ಗ್ಯಾಪ್, ಲೆಕ್ಕ ಸರಿಹೋಯ್ತು. ಎಲ್ಲಾ ಗ್ಯಾಪೂ 8 ಬೇಡ, 6, 9, 7 ಅಂತ ಏರುಪೇರು ಮಾಡಿ. ಇನ್ನೊಂದು, ದಪ್ಪ ತಂತಿನ ಸರಿಯಾಗಿ ಬೀಟ್ ಮೇಲಿಟ್ರೆ ಇಡೀ ಸ್ಟ್ರಮ್ ಹಿಂದೆ ಬಿದ್ದಂಗೆ ಕೇಳ್ಸುತ್ತೆ, ಯಾಕಂದ್ರೆ ಕಿವಿ ಏಟು ಹಿಡಿಯೋದು ಸಣ್ಣ ತಂತಿಗಳ ಮೇಲೆ. ಅದಕ್ಕೆ 10-15 ಮಿಲಿಸೆಕೆಂಡ್ ಮುಂಚೆ ಶುರು ಮಾಡ್ತೀನಿ. ಇಷ್ಟೆಲ್ಲಾ ಮಾಡಿ ಆಮೇಲೆ ಅಭ್ಯಾಸಬಲದಿಂದ ಕ್ವಾಂಟೈಸ್ (ಎಲ್ಲಾ ನೋಟನ್ನೂ ಸರಿಯಾಗಿ ಬೀಟ್ ಗೆರೆಗೆ ಎಳೆಯೋದು) ಒತ್ತಿದ್ರೆ ಎಲ್ಲಾ ಗೋವಿಂದ, ನಾನು ಎರಡು ಸಲ ಒತ್ತಿದೀನಿ.

ಈಗ ಬಲಗೈ. ಸ್ಟ್ರಮ್ ಮಾಡೋರ ಕೈ ನಿಲ್ಲೋದೇ ಇಲ್ಲ, ಗಡಿಯಾರದ ಲೋಲಕದ ತರ ಬೀಟ್‌ಗೆ ಕೆಳಗೆ, ಅರ್ಧಕ್ಕೆ ಮೇಲೆ, ಕೆಲವು ಸಲ ತಂತಿ ಮುಟ್ಟುತ್ತೆ, ಕೆಲವು ಸಲ ಗಾಳೀಲಿ ಹೋಗುತ್ತೆ ಅಷ್ಟೇ. ಎಲ್ಲರೂ ಕಲಿಯೋ ಡೌನ್, ಡೌನ್-ಅಪ್, ಅಪ್-ಡೌನ್-ಅಪ್ ನೋಡಿ, ಮೂರನೇ ಬೀಟ್‌ನಲ್ಲಿ ಕೈ ಕೆಳಗೆ ಇಳಿಯುತ್ತೆ ಆದ್ರೆ ಸದ್ದಿಲ್ಲ. ಹಾಗಾಗಿ ಎಂಟನೇ ನೋಟ್ ಪ್ಯಾಟರ್ನ್‌ನಲ್ಲಿ ಬೀಟ್ ಮೇಲೆ ಅಪ್‌ಸ್ಟ್ರೋಕ್ ಬರೆದಿದ್ರೆ ಗಿಟಾರ್ ಗೊತ್ತಿರೋರಿಗೆ ತಕ್ಷಣ ಕಿರಿಕಿರಿ. ಅಪ್‌ಸ್ಟ್ರೋಕ್‌ಗೆ ಆರೂ ತಂತಿ ಬೇಡ, ಸಣ್ಣ ಕಡೆಯಿಂದ ಮೂರೋ ನಾಲ್ಕೋ ಸಾಕು, ವೆಲಾಸಿಟಿನೂ (ಏಟಿನ ಜೋರು) ಕಮ್ಮಿ: ಡೌನ್ 95 ಇದ್ರೆ ಅಪ್ 70 ಆಸುಪಾಸು. ಆಗ ದಪ್ಪ ತಂತಿಗಳನ್ನ ಕಟ್ ಮಾಡ್ಬೇಡಿ, ಹಿಂದಿನ ಏಟಿನ ಗುಂಯ್ ಇನ್ನೂ ಓಡ್ತಾ ಇರ್ಬೇಕು.

ನಂಗೆ ತುಂಬಾ ತಡವಾಗಿ ಹೊಳೆದಿದ್ದು ಕಾರ್ಡ್ ಬದಲಾಗೋ ಜಾಗ. ಸಿ ಇಂದ ಜಿಗೆ ಹೋಗುವಾಗ ಎಡಗೈ ಬೆರಳು ಎದ್ದಿರುತ್ತೆ, ಬಲಗೈ ಮಾತ್ರ ನಿಂತಿರಲ್ಲ, ಹಾಗಾಗಿ ಬಾರ್‌ನ ಕೊನೇ ಅಪ್‌ಸ್ಟ್ರೋಕ್ ಬೀಳೋದು ಖಾಲಿ ತಂತಿಗಳ ಮೇಲೆ. ಅಲ್ಲಿ ಸಿ ಕಾರ್ಡ್ ತೆಗೆದು 64, 59, 55 ಮೆತ್ತಗೆ ಇಡಿ. ಒಂದೇ ಸಣ್ಣ ಬದಲಾವಣೆ, ಆದ್ರೆ ಯಾರೋ ಎದುರಿಗೆ ಕೂತು ನುಡಿಸ್ದಂಗೆ ಆಗುತ್ತೆ.

ಇಷ್ಟೆಲ್ಲಾ ಕೈಯಲ್ಲಿ ಬರೆಯೋ ತಾಳ್ಮೆ ಇಲ್ದಿದ್ರೆ ನೇಟಿವ್ ಇನ್‌ಸ್ಟ್ರುಮೆಂಟ್ಸ್ ಕಂಪನಿಯ ಸ್ಟ್ರಮ್ಡ್ ಅಕೂಸ್ಟಿಕ್ ತರದ್ದರಲ್ಲಿ ಪ್ಯಾಟರ್ನ್ ರೆಡಿ ಇರುತ್ತೆ, ಕಾರ್ಡ್ ಒತ್ತಿದ್ರೆ ಸಾಕು. ಕಲಿಯೋಕೆ ನಂಗೆ ಫ್ರೀ ಸಿಗೋ ಆಂಪಲ್ ಗಿಟಾರ್ ಎಂ ಲೈಟೇ ವಾಸಿ ಅನ್ಸುತ್ತೆ.

ಎಡ-ಬಲ ಅಗಲ ಬೇಕು ಅಂತ ಅದೇ ಟ್ರ್ಯಾಕ್ ಕಾಪಿ ಮಾಡಿ ಎರಡೂ ಕಡೆ ಹಾಕಿದ್ರೆ ಅಗಲ ಬರಲ್ಲ, ಜೋರಾಗುತ್ತೆ ಅಷ್ಟೇ. ಇನ್ನೊಂದು ಟೇಕ್ ಬೇರೆ ಬರೀರಿ, ಆಗೋದಾದ್ರೆ ಕೇಪೋ (ಎಲ್ಲಾ ತಂತಿನೂ ಒಂದೇ ಫ್ರೆಟ್‌ನಲ್ಲಿ ಒತ್ತಿ ಹಿಡಿಯೋ ಕ್ಲಿಪ್) ಲೆಕ್ಕದಲ್ಲಿ: ಎಡಗಡೆ ಓಪನ್ ಸಿ, ಬಲಗಡೆ ಐದನೇ ಫ್ರೆಟ್‌ಗೆ ಕೇಪೋ ಹಾಕಿ ಜಿ ಶೇಪ್, ಅಂದ್ರೆ ಮೇಲೆ ಓಪನ್ ಜಿಗೆ ಕೊಟ್ಟ ಆ ಆರು ಮಿಡಿ ನಂಬರ್‌ಗೂ 5 ಕೂಡಿಸಿ.